ಓಮದ ಹೂವಿಗೆ ಒಂದು ಹಿಡಿ ಕೊಸರು

ಕುಪ್ಪೇಲೂರಿನ ಪ್ರಭುಲಿಂಗಪ್ಪ ಅವತ್ತ ಮುಂಜಾನೆ ಗುಲಾಬಬಿಯ ಜೇನುಪೆಟ್ಟಿಗಿ ಮುಚ್ಚಳಾ ತಗದಾಗ ಅವನ ಬಾಯಾಗಿನ ಮಾತು ಬಾಯಾಗ ಉಳೀತು. "ಬಾ ಇಲ್ಲೆ, ನುಸಿ ಹೆಂಗ ಉದುರಿ ಬಿದ್ದಾವು ತೋರಸ್ತೇನಿ" ಅಂತ ಹೆಂಡ್ತಿ ಶಾರದವ್ವನ್ನ ಮನೀಯಿಂದ ಹೊಲದ ತನಕ ಕರಕೊಂಡು ಬಂದಿದ್ದ. ನುಸಿ ಬಿದ್ದಿದ್ವು, ಇಲ್ಲ ಅನ್ನಂಗಿಲ್ಲ. ಎಳ್ಳಿಗಿಂತ ಸಣ್ಣ, ಕೆಂಪನ್ನ ನುಸಿ, ಹುಳದ ಮೈಗೆ ಹತ್ತಿ ಹೀರಿ ಗೂಡಿಗೆ ಗೂಡ ಹಾಳು ಮಾಡೂ ನುಸಿ. ಆದ್ರ ಅವುಗಳ ಮ್ಯಾಲೆ ಜೇನುಹುಳಾನೂ ಬಿದ್ದಿದ್ವು. ಪೆಟ್ಟಿಗಿ ತಳದಾಗ ನಾಕು ಬೆರಳು ದಪ್ಪ, ಒಂದರ ಮ್ಯಾಲೊಂದು, ನಾಲಿಗಿ ಹೊರಗ ಚಾಚಿಕೊಂಡು.

ಅಂವ ಬೆರಳಿಲೆ ಕೆದರಿದ. ಒಂದೂ ಮಿಸುಕಲಿಲ್ಲ. ಎರಿಯೊಳಗಿನ ಬಿಳೇ ಮರಿಗೋಳನ್ನ ಹುಳಾನ ಎಳದು ಬಾಗಿಲ ತನಕ ತಂದು ಒಗದಿದ್ವು, ತಾವೂ ಅಲ್ಲೇ ಬಿದ್ದಿದ್ವು. ಓಮದ ಘಾಟು ಮೂಗಿಗೆ ಹೊಡದು ಅವನ ಕಣ್ಣಾಗ ನೀರು ಬಂತು. ಆ ರಾಶಿಯೊಳಗ ಒಂದು ಉದ್ದನ್ನ ಹುಳ ಕಂಡಿತು, ಬೆನ್ನ ಮ್ಯಾಲೆ ಕೆಂಪು ಉಗುರುಬಣ್ಣದ ಚುಕ್ಕಿ. ಗುಲಾಬಬಿ ತನ್ನ ರಾಣಿಗೋಳ ಗುರ್ತಾ ಸಿಗಲಿ ಅಂತ ಹಂಗ ಚುಕ್ಕಿ ಇಡ್ತಿದ್ಲು.

"ಇದೇನ್ರಿ ಇದು" ಅಂದ್ಲು ಶಾರದವ್ವ, ಸಣ್ಣ ದನಿಯಿಲೆ.

ಅಂವ ಎರಡನೇದ್ದು ತಗದ. ಅಲ್ಲೂ ಅಷ್ಟ. ಮೂರನೇದ್ದು ಖಾಲಿ, ಜೇನುತುಪ್ಪಾ, ಮರಿ ಎಲ್ಲಾ ಬಿಟ್ಟು ಹುಳ ಎದ್ದು ಹೋಗಿದ್ವು. ನಾಕನೇದ್ದು, ಐದನೇದ್ದು. ಆರನೇದ್ದರ ಮುಚ್ಚಳಾ ತಗಿಯಾಕ ಅವಂಗ ಧೈರ್ಯ ಸಾಲದ, ಕಿವಿ ಹಚ್ಚಿ ಕೇಳಿದ. ಒಳಗ ಸಪ್ಪಳಾನ ಇಲ್ಲ. ಐವತ್ತಾರು ವರ್ಷದ ಗಂಡಸು, ಪಂಚಾಯ್ತಿಯೊಳಗ ನಾಕು ಮಂದಿಗೆ ಬುದ್ಧಿ ಹೇಳೂವಂಥಾಂವ, ಬದುವಿನ ಮ್ಯಾಲೆ ಕುಕ್ಕರಗಾಲಿಲೆ ಕುಂತುಬಿಟ್ಟ.

ಅವನ ಎದಿ ಒಡಿಯೂವಂಥಾದ್ದು ಇನ್ನೊಂದಿತ್ತು. ಇಪ್ಪತ್ತು ಹೆಜ್ಜಿ ಆಚೆ, ಹುಣಸಿಮರದ ನೆರಳಾಗ, ಅವನ ಸ್ವಂತ ಹದಿನೆಂಟು ಪೆಟ್ಟಿಗಿ. ಅವೆಲ್ಲಾ ದಿನದಂಗ ಗುಂಯ್ ಅನ್ನಾಕತ್ತಿದ್ವು. ಹುಳ ಹೊರಗ ಹೋಗ್ತಿದ್ವು, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬರ್ತಿದ್ವು. ಒಂದಕ್ಕೂ ಏನೂ ಆಗಿದ್ದಿಲ್ಲ.

ಗುಲಾಬಬಿ ಯಾರು ಅಂತ ಹೇಳಬೇಕು. ಊರ ಬಸ್‌ಸ್ಟ್ಯಾಂಡ್ ಹತ್ರ ಬಳಿ ಅಂಗಡಿ ಇಟ್ಟಾಕಿ. ಗಂಡ ತೀರಿಕೊಂಡು ಏಳು ವರ್ಷ ಆತು. ಹಾವೇರ್ಯಾಗ ಜೇನುಸಾಕಣಿ ತರಬೇತಿ ಅಂದಾಗ, ಗಂಡಸರೆಲ್ಲಾ ಊಟಾ ಹೊಡದು ಹೊಳ್ಳಿ ಬಂದ್ರ, ಆಕಿ ಐದೂ ದಿನಾ ಕುಂತು ಕಲತು ಬಂದ್ಲು. ಒಂದು ಪೆಟ್ಟಿಗಿಯಿಂದ ಸುರು ಮಾಡಿ, ಗೂಡ ಪಾಲು ಮಾಡಿ ಮಾಡಿ ಆರು ಮಾಡಿದ್ಲು. ಸುತ್ತಲಿನ ಉಳ್ಳಾಗಡ್ಡಿ ಬೀಜದ ಹೊಲದವರು, ಸೌತಿ ಬೀಜದ ಹೊಲದವರು ಹೂ ಬಿಟ್ಟ ಕೂಡ್ಲೆ ಪೆಟ್ಟಿಗಿ ಕೇಳಕೋತ ಆಕಿ ಮನೀಗೆ ಬರ್ತಿದ್ರು. ಹುಳ ಹಾರಿದ್ರ ಕಾಳು ತುಂಬತಾವು ಅಂತ ಊರಿಗೆ ತೋರಿಸಿದಾಕೀನ ಆಕಿ. ಮಂದಿ ಆಕೀನ್ನ "ಜೇನಬೂಬು" ಅಂತಿದ್ರು. ಪ್ರಭುಲಿಂಗಪ್ಪ ಸುದ್ದಾ ಮೊದಲನೇ ಗೂಡ ಆಕಿ ಕೈಯಿಂದನ ತಗೊಂಡಾಂವ. ಆಕಿಗೆ ಹೊಲಾ ಇಲ್ಲ ಅಂತ ತನ್ನ ಬದುವಿನ ಮ್ಯಾಲೆ ಜಾಗಾ ಕೊಟ್ಟಿದ್ದ. ಒಳ್ಳೆ ಮನುಷ್ಯಾನ, ಬಾಯಿ ಒಂದು ಜಾಸ್ತಿ.

ಕಳದ ಚಳಿಗಾಲದಾಗ ಎಲ್ಲಾರ ಗೂಡಿಗೂ ನುಸಿ ಬಂತು. ಗುಲಾಬಬಿ ತರಬೇತಿಯೊಳಗ ಹೇಳಿದ, ಔಷಧ ಸವರಿದ ಪ್ಲಾಸ್ಟಿಕ್ ಪಟ್ಟಿ ತಂದು ಗೂಡಿನಾಗ ತೂಗಬಿಟ್ಲು. ಇಂಥಾ ದಿನಾ ಹಾಕಬೇಕು, ಇಂಥಾ ದಿನಾ ತಗೀಬೇಕು ಅಂತ ಅಂಗಡಿ ಕ್ಯಾಲೆಂಡರಿನ ಮ್ಯಾಲೆ ಗೀಟು ಹಾಕಿಕೊಂಡಿದ್ಲು. ಪ್ರಭುಲಿಂಗಪ್ಪಗ ಅದನ್ನ ಕಂಡ್ರ ಆಗ್ತಿದ್ದಿಲ್ಲ.

"ವಿಷ ತೂಗ ಹಾಕೀಯಲ್ಲ ತಂಗಿ. ಆ ತುಪ್ಪಾನ ನಾಳೆ ಮೊಮ್ಮಗೂಗ ನೆಕ್ಕಸೂವಾಕಿ ನೀನು" ಅಂತಿದ್ದ.

ಅವನ ಔಷಧ ಓಮದ ಹೂ. ಮೊಬೈಲಿನ ವಿಡಿಯೋದಾಗ ನೋಡಿದ್ದು. ರಾಣೆಬೆನ್ನೂರಿನ ಮುಸ್ತಾಕನ ನಾಟಿ ಔಷಧದ ಅಂಗಡಿಯೊಳಗ ಸಿಗ್ತಿತ್ತು. ಹೆಸರು ಹೂ ಖರೇ, ಹೂವಲ್ಲ ಅದು. ಓಮದ ಎಣ್ಣಿ ತಗದು ಗಟ್ಟಿ ಮಾಡಿದ ಸತ್ವ, ಕಲ್ಲುಸಕ್ಕರಿ ಪುಡಿ ಮಾಡಿದಂಗ ಬಿಳೇ ಹರಳು. ಡಿಸೆಂಬರಿನ ತಂಪಿನಾಗ ಒಂದೊಂದು ಗೂಡಿಗೆ ಒಂದೊಂದು ಚಿಟಿಕಿ ಅರಬಿಯೊಳಗ ಕಟ್ಟಿ ಇಟ್ಟಿದ್ದ. ನುಸಿ ಉದುರಿದ್ವು, ಹುಳ ಆರಾಮ ಇದ್ವು. ಅವತ್ತಿಂದ ಅವನ ಕಾಲು ನೆಲದ ಮ್ಯಾಲೆ ನಿಂತಿದ್ದಿಲ್ಲ. ಚಹಾದ ಅಂಗಡಿಯೊಳಗ, ಬಸ್ಸಿನಾಗ, ಮದುವಿ ಪಂಕ್ತಿಯೊಳಗ ಒಂದ ಮಾತು: "ಕೂಸಿಗೆ ಹೊಟ್ಟಿ ನೊಂದ್ರ ಓಂಕಾಳ ನೀರು ಕುಡಸ್ತೇವಿ. ಹೂವಿನ ಮ್ಯಾಲೆ ಬದುಕೂ ಹುಳಕ್ಕ ಹೂ ಏನ್ ಮಾಡ್ತೇತಿ?" ಕೇಳಿದವರೆಲ್ಲಾ ಹೌದಲ್ಲ ಅಂತಿದ್ರು.

ಗುಲಾಬಬಿ ಅನ್ನಲಿಲ್ಲ. ಅಂವ ಮೂರು ಸಲ ಕೇಳಿದ, ಮೂರೂ ಸಲ ಆಕಿ "ಬ್ಯಾಡ್ರಿ ಅಣ್ಣಾರ" ಅಂದ್ಲು. ಕಡೀ ಸಲ ಅಂದದ್ದು ಹತ್ತು ದಿನದ ಹಿಂದ, ಬ್ಯಾಡಗಿಗೆ ಮಗಳು ಅಲ್ಮಾಸನ ಬಾಣಂತನಕ್ಕ ಹೊಂಟು ನಿಂತಾಗ. "ಹುಳ ಕುಡಿಯೂ ತೊಟ್ಟಿಗೆ ನೀರು ಹಾಕ್ರಿ, ಅಷ್ಟ ಸಾಕು. ನಿಮ್ಮ ಓಮದ ಹೂ ನನ್ನ ಪೆಟ್ಟಿಗಿಗೆ ಬ್ಯಾಡ" ಅಂತ ಸ್ಪಷ್ಟ ಹೇಳಿ ಬಸ್ ಹತ್ತಿದ್ಲು.

ಇಂವ ಏನ್ ಮಾಡಿದ? ಬಸ್ ಹೋಗಿ ವಾರ ಕಳದಿತ್ತಷ್ಟ, ಆಕಿ ಗೂಡು ತಗದು ನೋಡಿದ. ನುಸಿ ಮತ್ತ ಕಂಡ್ವು. ಪಾಪ, ಆಕಿ ಊರಾಗಿಲ್ಲ, ಬಂದು ನೋಡೂದ್ರಾಗ ಗೂಡ ಹಾಳಾಗ್ತಾವು, ಅಣ್ಣ ಅಂತ ಕರೀತಾಳ, ನಾನಲ್ಲದ ಯಾರು ನೋಡಬೇಕು ಅಂತ ಅವನ ಕರಳು ಚುರ್ ಅಂತು. ಹೆಣ್ಮಗಳು, ಹೊಸಾದ್ದಕ್ಕ ಅಂಜತಾಳ, ಒಮ್ಮೆ ಗುಣಾ ಕಂಡ್ರ ತಾನ ಸುಮ್ಮನಾಗ್ತಾಳ ಅಂತ ತಿಳದ. ರಾಣೆಬೆನ್ನೂರಿಗೆ ಹೋಗಿ ಓಮದ ಹೂ ತಂದ. ಮುಸ್ತಾಕ ಪೊಟ್ಣಾ ಕಟ್ಟಿಕೋತ "ಈಗ ಬಿಸಿಲು ಭಾಳ ಐತ್ರಿ, ನೋಡಿಕೊಂಡು" ಅಂದದ್ದು ಅವನ ಕಿವಿಗೆ ಬಿತ್ತು, ತಲಿಗೆ ಹೋಗಲಿಲ್ಲ.

ಮೊದಲು ಗುಲಾಬಬಿ ಪೆಟ್ಟಿಗಿಗೆ ಹಾಕಿದ. ಮಂದೀದು ಮೊದಲು, ತನ್ನದು ಆಮ್ಯಾಲೆ ಅನ್ನೂ ಮನುಷ್ಯಾ ಅಂವ. ಅವರ ಮನಿತನದಾಗ ಒಂದು ರೂಢಿ ಇತ್ತು. ಜ್ವಾಳಾ ಇರಲಿ, ಮೆಣಸಿನಕಾಯಿ ಇರಲಿ, ಸೇರಿಲೆ ಅಳದು ಕೊಟ್ಟ ಮ್ಯಾಲೆ ಒಂದು ಹಿಡಿ ಕೊಸರು ಹಾಕದ ಯಾರ ಚೀಲಾನೂ ಕಟ್ಟಿ ಕಳಿಸಿದವರಲ್ಲ. ಅವರ ಅಪ್ಪ ತಕ್ಕಡಿ ಸರಿ ತೂಗಿ ಅಷ್ಟಕ್ಕ ಬಿಡೂವರನ್ನ ಜಿಪುಣರು ಅಂತಿದ್ದ. ಪ್ರಭುಲಿಂಗಪ್ಪ ಒಂದು ಚಮಚಾ ಅಳದು ಅರಬಿಯೊಳಗ ಹಾಕಿದ. ಮಂದಿ ಪೆಟ್ಟಿಗಿ, ಕೈ ಬಿಗೀ ಹಿಡಿಯಾಕ ಅವಂಗ ಮನಸ್ಸಾಗಲಿಲ್ಲ. ಒಂದು ಹಿಡಿ ಕೊಸರು ಹಾಕಿದ. ಆರಕ್ಕೂ ಹಂಗ. ಘಾಟು ಹೊರಗ ಹೋಗಬಾರದು ಅಂತ ಬಾಗಿಲಾನೂ ಸಣ್ಣದು ಮಾಡಿದ. ತನ್ನವಕ್ಕ ಬರೂದ್ರಾಗ ಪೊಟ್ಣಾ ಬರಿದಾಗಿ, ತಳದಾಗಿನ ಪುಡಿ ಝಾಡಿಸಿ ಚಿಟಿಕಿ ಚಿಟಿಕಿ ಇಟ್ಟ. ಮನಸ್ಸಿಗೆ ಭಾಳ ಸಮಾಧಾನ ಅನಿಸಿತ್ತು ಅವತ್ತ.

ಅದು ನಿನ್ನೆ ಮುಂಜಾನೆ. ಮಧ್ಯಾಹ್ನ ಬದುವಿನ ಮ್ಯಾಲೆ ನೆತ್ತಿ ಸುಡೂ ಬಿಸಿಲು ಬಿತ್ತು.

ಈಗ ಅಕ್ಕಪಕ್ಕದ ಹೊಲದವರು ಬಂದು ಸುತ್ತ ನಿಂತ್ರು. ಸತ್ತ ಹುಳದ ರಾಶಿ ಕಂಡು ಒಬ್ಬ ಮುದುಕ ಟೊಪ್ಪಿಗಿ ತಗದು ಕೈಯಾಗ ಹಿಡಕೊಂಡ. ಅಷ್ಟರಾಗ ಯಾರೋ ಅಂದ್ರು: "ನಿನ್ನೆ ಸಂಜಿಮುಂದ ಶಂಭುಲಿಂಗ ಸೌತಿಗೆ ಔಷಧ ಹೊಡದಾನ. ಅವಂದ ಕೆಲಸಾ ಇದು."

ಶಂಭುಲಿಂಗನ ಸೌತಿ ಬೀಜದ ಹೊಲಾ ಬದುವಿಗೆ ಹತ್ತಿಕೊಂಡ ಇತ್ತು. ಔಷಧ ಹೊಡದದ್ದು ಖರೇ. ಹೊತ್ತು ಮುಳಗಿ ಹುಳೆಲ್ಲಾ ಗೂಡ ಸೇರಿದ ಮ್ಯಾಲೆನ ಹೊಡೀತೇನಿ ಅಂತ ಗುಲಾಬಬಿಗೆ ಮಾತು ಕೊಟ್ಟಿದ್ದ, ಹಂಗ ಹೊಡದಿದ್ದ. ಅದು ಪ್ರಭುಲಿಂಗಪ್ಪಗ ಚಂದಾಗಿ ಗೊತ್ತಿತ್ತು. ಬಾಯಿ ತಗದು ಹೇಳಬೇಕಿತ್ತು. ಬಾಯಿ ತಗದ. ಬಂದದ್ದು "ಹೂಂ" ಅಷ್ಟ.

ಆ ಒಂದು ಹೂಂ ಸಾಕಾತು. ಮಂದಿ ಬಾಯಿ ನಿಮಗ ಹೇಳಬೇಕೇನು? ಊಟದ ಹೊತ್ತಿಗೆ ಶಂಭುಲಿಂಗ ಜೇನಬೂಬೂನ ಹುಳ ಕೊಂದ ಅನ್ನೂದು ಊರ ತುಂಬ ಆಗಿತ್ತು. ಶಾರದವ್ವ ಗಂಡನ ಮಾರಿ ನೋಡಿದ್ಲು, ಆಕಿ ನೋಟಕ್ಕ ಅಂವ ತಲಿ ತಗ್ಗಿಸಿದ.

ಅಂಗಿ ತೊಟ್ಟು ರಾಣೆಬೆನ್ನೂರ ಬಸ್ ಹತ್ತಿದ. ಕಿಸೆದಾಗ ಕಾಗದದ ಪೊಟ್ಣಾದಾಗ ಇಪ್ಪತ್ತು ಸತ್ತ ಹುಳ, ಅರಬಿ ಗಂಟಿನಾಗ ಉಳದ ಒಂದು ಚೂರು ಹರಳು. ಅವನ ಮನಸ್ಸಿನಾಗ ಒಂದ ಆಸೆ ಇತ್ತು, ಹೇಳಾಕ ನಾಚಿಕಿ ಆಗ್ತೇತಿ: ಮುಸ್ತಾಕ ಬ್ಯಾರೆ ಏನರ ತಪ್ಪಿ ಕೊಟ್ಟಿರಲಿ ದೇವರ, ತಪ್ಪು ಅವಂದಾಗಿರಲಿ.

ಮುಸ್ತಾಕ ಹರಳು ಮೂಸಿ ನೋಡಿದ. "ಓಮದ ಹೂನ ಇದು. ಅಚ್ಚ ಮಾಲು." ಆಮ್ಯಾಲೆ ಹುಳ ನೋಡಿದ. "ಎಷ್ಟು ಹಾಕಿದ್ರಿ?"

ಪ್ರಭುಲಿಂಗಪ್ಪ ಚಮಚಾ ಅಂದ. ಆಮ್ಯಾಲೆ ಕೈ ಮುಷ್ಟಿ ಮಾಡಿ ತೋರಿಸಿದ.

ಮುಸ್ತಾಕ ಸ್ಟೂಲ್ ಎಳದು ಕುಂತ. ಸಿಟ್ಟು ಮಾಡಲಿಲ್ಲ, ಅದ ಪ್ರಭುಲಿಂಗಪ್ಪಗ ಭಾಳ ನೋವಾತು. "ಹಲ್ಲು ನೊಂದ್ರ ಇದನ್ನ ಸಾಸಿವಿಕಾಳಷ್ಟು ಹತ್ತಿಯೊಳಗಿಟ್ಟು ಕೊಡ್ತೇನಿ ನಾನು. ಅದಕ್ಕಿಂತ ಜಾಸ್ತಿ ಆದ್ರ ಬಾಯಿ ಸುಟ್ಟು ಬೊಬ್ಬಿ ಏಳ್ತಾವು. ಓಂಕಾಳು ಬ್ಯಾರೆ, ಓಮದ ಹೂ ಬ್ಯಾರೆ. ಚೀಲಗಟ್ಟಲೆ ಕಾಳಿನ ಕಸುವು ಈ ಪೊಟ್ಣಾದಾಗ ಇರ್ತೇತಿ. ತಂಪಿನಾಗ ಹಗೂರಕ ಆವಿ ಆಗ್ತೇತಿ, ನುಸಿ ಅಷ್ಟ ಸಾಯ್ತಾವು. ಈ ಬಿಸಿಲಿಗೆ ಒಮ್ಮೆಲೇ ಎದ್ದು ಬರ್ತೇತಿ. ಪೆಟ್ಟಿಗಿ ಬಾಗಿಲಾನೂ ಮುಚ್ಚಿದ್ರೇನು?"

"ಸಣ್ಣದು ಮಾಡಿದ್ದೆ."

"ಗಿಡದ್ದು ಅಂದ್ರ ಸಾಧು ಅಂತ ಯಾರು ಹೇಳಿದ್ರು ನಿಮಗ? ಉಮ್ಮತ್ತಿನೂ ಗಿಡಾನ ಅಲ್ಲೇನ್ರಿ."

ಯಾರೂ ಹೇಳಿದ್ದಿಲ್ಲ. ತಾನ ಊರಿಗೆ ಹೇಳಿಕೋತ ತಿರುಗಿದ್ದ. ಇನ್ನ ಯಾರ್ಯಾರು ತನ್ನ ಮಾತು ಕೇಳಿ ಪೊಟ್ಣಾ ಒಯ್ದಾರೋ ಅನ್ನೂದು ಆಗ ಹೊಳೀತು. ಕೇಳಿದ. ಈ ತಿಂಗಳದಾಗ ಇಬ್ಬರು ಬಂದಿದ್ರು, ಬಿಸಿಲು ಐತಿ ಬ್ಯಾಡ ಅಂದದ್ದಕ್ಕ ಹೊಳ್ಳಿ ಹೋದ್ರು ಅಂದ ಮುಸ್ತಾಕ. ಅವರು ಯಾಕ ಬ್ಯಾಡ ಅಂತ ಕೇಳಿ ತಿಳಕೊಂಡು ಹೋಗಿದ್ರಂತ.

ಮನೀಗೆ ಬಂದಾಗ ಶಾರದವ್ವ ಜ್ವಾಳಾ ಹಸನ ಮಾಡಾಕತ್ತಿದ್ಲು. "ನಾಳೆ ಆಕಿ ಬರ್ತಾಳಂತ. ಯಾರೋ ಫೋನ್ ಮಾಡಿ ಹೇಳ್ಯಾರ. ಏನ್ ಹೇಳ್ತೀರಿ?"

"ಎದ್ದು ಹೋದ್ವು ಅಂತೇನಿ. ಬ್ಯಾಸಿಗ್ಯಾಗ ಹುಳ ಎದ್ದು ಹೋಗೂದು ಇದ್ದದ್ದ. ಸತ್ತವನ್ನ ತಿಪ್ಪಿಗೆ ಹಾಕಿಬಿಡ್ತೇನಿ."

"ಶಂಭುಲಿಂಗ?"

"ಅವಂದು... ನಾಕು ದಿನಾ ಮಾತಾಡತಾರ, ಆಮ್ಯಾಲೆ ಮರೀತಾರ."

ಶಾರದವ್ವ ಮರಾ ಕೆಳಗಿಟ್ಲು. "ನಿಮ್ಮ ಕೂಡ ಮೂವತ್ತೆರಡು ವರ್ಷ ಬಾಳೇ ಮಾಡೇನಿ. ನಿಮ್ಮ ಬಾಯಿಗೆ ಬೈದೇನಿ, ನಿಮ್ಮನ್ನ ನಂಬದ ಇದ್ದದ್ದಿಲ್ಲ. ಹಂಗ ಹೇಳೂದಾದ್ರ ನಾ ಇಲ್ಲದಾಗ ಹೇಳ್ರಿ" ಅಂದು ಒಳಗ ಹೋದ್ಲು. ಅಂವ ಸತ್ತ ಹುಳ ತಿಪ್ಪಿಗೆ ಹಾಕಲಿಲ್ಲ. ಹಾಕಬೇಕಂತ ಎರಡು ಸಲ ಬುಟ್ಟಿ ತಗೊಂಡು ಹೋಗಿ ಎರಡು ಸಲ ಹೊಳ್ಳಿ ಬಂದ.

ಮರುದಿನಾ ಹತ್ತು ಗಂಟೆ ಬಸ್ಸಿಗೆ ಗುಲಾಬಬಿ ಬಂದ್ಲು. ಮನೀಗೂ ಹೋಗಲಿಲ್ಲ, ಕೈಯಾಗಿನ ಚೀಲಾ ಹಂಗ ಹಿಡಕೊಂಡು ನೆಟ್ಟಗ ಹೊಲಕ್ಕ ಬಂದ್ಲು. ಚೀಲದಾಗಿಂದ ಒಂದು ಸಿಹಿ ಡಬ್ಬಿ ತಗದು ಶಾರದವ್ವನ ಕೈಯಾಗಿಟ್ಲು. "ಅಲ್ಮಾಸಗ ಹೆಣ್ಣುಕೂಸು ಆಗೇತ್ರಿ. ಇಬ್ಬರೂ ಆರಾಮ ಅದಾರ." ಹಂಗ ಅಂದು, ಬದುವಿಗೆ ಹೋಗಿ ಮೊದಲನೇ ಪೆಟ್ಟಿಗಿ ಮುಂದ ಮಣಕಾಲೂರಿ ಕುಂತ್ಲು.

ಆರೂ ಪೆಟ್ಟಿಗಿ ನೋಡಿದ್ಲು. ಪ್ರಭುಲಿಂಗಪ್ಪ ಮುಚ್ಚಳಾ ಎಲ್ಲಾ ತಗದಿಟ್ಟು ಒಂದು ಹಗಲು ಒಂದು ರಾತ್ರಿ ಗಾಳಿ ಆಡಿತ್ತು, ಘಾಟು ಹೋಗಿತ್ತು, ಅರಬಿ ಗಂಟು ಅವನ ಕಿಸೆದಾಗಿದ್ವು. ಆಕಿ ಚುಕ್ಕಿಯ ರಾಣಿಗೋಳನ್ನ ಒಂದೊಂದ ಆರಿಸಿ ಅಂಗೈಯಾಗ ಇಟ್ಟುಕೊಂಡ್ಲು. ನಾಕು ಸಿಕ್ಕವು. ಆಕಿ ಅಳಲಿಲ್ಲ. ಮಾರಿ ಮಾತ್ರ ಸುಣ್ಣದ ಗೋಡಿ ಆಗಿತ್ತು.

"ಶಂಭುಲಿಂಗ ನನಗ ಮಾತು ಕೊಟ್ಟಿದ್ದ" ಅಂದ್ಲು. "ಅವನ ಮನೀಗೆ ಹೊಂಟೇನಿ. ನೀವೂ ಬರ್ರಿ ಅಣ್ಣಾರ. ನೀವು ಕಣ್ಣಾರೆ ಕಂಡವರು, ನಿಮ್ಮ ಮಾತಿಗೆ ಊರಾಗ ಬೆಲೆ ಐತಿ."

ಅಂವ ಎದ್ದ. ಆಕಿ ಹಿಂದ ನಾಕು ಹೆಜ್ಜಿ ನಡದ. ಸೌತಿ ಹೊಲದ ಆಚಿ ದಂಡಿಗೆ ಶಂಭುಲಿಂಗ ಪೈಪ್ ಹಿಡಕೊಂಡು ನಿಂತದ್ದು ಕಾಣ್ತಿತ್ತು. ನಿನ್ನೆಯಿಂದ ಊರಾಗ ಯಾರೂ ಅವನ ಕೂಡ ಮಾತಾಡಿದ್ದಿಲ್ಲ. ಇತ್ತಾಗ ಬರಾಕ ಅವಂಗ ಧೈರ್ಯ ಇಲ್ಲ, ಹೋಗಾಕ ಮನಸ್ಸಿಲ್ಲ, ಸುಮ್ಮನ ನೋಡಿಕೋತ ನಿಂತಿದ್ದ. ಪ್ರಭುಲಿಂಗಪ್ಪ ನಡಿಯೂದು ನಿಲ್ಲಿಸಿದ.

"ಗುಲಾಬಬಿ, ನಿಲ್ಲು" ಅಂದ. "ಅಂವ ಅಲ್ಲ. ನಾನು."

ಕಿಸೆದಾಗಿಂದ ಅರಬಿ ಗಂಟು ತಗದ. ಆಕಿ ಒಂದು ಇಸಗೊಂಡು ಮೂಗಿಗೆ ಹಿಡದ್ಲು.

"ಎಷ್ಟು?" ಅಂದ್ಲು.

"ಚಮಚಾ ಅಳದು ಹಾಕಿದೆ. ಮ್ಯಾಲೊಂದು ಹಿಡಿ."

"ಹಿಡಿ ಯಾಕ?"

"ಕೊಸರು." ಅಂದ ಅಂವ. "ನಿನ್ನವು ಅಂತ. ನನ್ನವಕ್ಕ ಚಿಟಿಕಿನ ಹಾಕಿದ್ದು, ಅವು ಬದುಕ್ಯಾವು. ನಿನಗ ಕಡಿಮಿ ಆಗಬಾರದು ಅಂತ... ನೀ ಬ್ಯಾಡ ಅಂದಿದ್ದಿ. ನಾ ಕೇಳಲಿಲ್ಲ. ನನ್ನವು ಆರು ಪೆಟ್ಟಿಗಿ ತಗೊಂಡು ಹೋಗವ್ವಾ, ಹದಿನೆಂಟೂ ತಗೊಂಡು ಹೋಗು."

ಬೈತಾಳ ಅಂತ ಕಾದ. ಬೈದಿದ್ರ ಅವಂಗ ಹಗೂರ ಆಗ್ತಿತ್ತು. ಆಕಿ ಬದುವಿನ ಮ್ಯಾಲೆ, ಖಾಲಿ ಪೆಟ್ಟಿಗಿಗೆ ಬೆನ್ನು ಹಚ್ಚಿ ಕುಂತುಬಿಟ್ಲು.

"ಎರಡು ವರ್ಷದ ಹಿಂದ" ಅಂದ್ಲು ಆಮ್ಯಾಲೆ, "ಬ್ಯಾಸಿಗ್ಯಾಗ ನನ್ನವು ಮೂರು ಗೂಡ ಎದ್ದು ಹೋದ್ವು ಅಂದಿದ್ನಲ್ಲ, ನೆನಪೈತೇನ್ರಿ?"

ನೆನಪಿತ್ತು. ಅವತ್ತ ಪ್ರಭುಲಿಂಗಪ್ಪನ ಓಡಿ ಹೋಗಿ ಆಕಿ ಕೂಡ ನಿಂತು ಬಿಸಿಲಿಗೆ ಶಾಪಾ ಹಾಕಿದ್ದ.

"ಎದ್ದು ಹೋಗಿದ್ದಿಲ್ರಿ. ನಾನ ಕೊಂದಿದ್ದೆ. ಇದ ಓಮದ ಹೂ. ಗಿಡದ್ದು, ಏನಾಗ್ತೇತಿ ಅಂತ ನಾನೂ ಹಾಕಿದ್ದೆ. ಮುಂಜಾನೆದ್ದು ನೋಡಿದ್ರ ಹಿಂಗ. ಯಾರೂ ಕಾಣದಂಗ ಹಿತ್ತಲದಾಗ ಹುಗದೆ."

ಶಾರದವ್ವ ಡಬ್ಬಿ ಹಿಡಕೊಂಡು ಹತ್ರ ಬಂದ್ಲು.

"ತರಬೇತಿ ಆದಾಕಿ, ಊರೆಲ್ಲಾ ಜೇನಬೂಬು ಅಂತಾರ, ಹೆಂಗ ಹೇಳ್ಲಿ? ನಾಚಿಕಿ ಬಂತು. ಎದ್ದು ಹೋದ್ವು ಅಂದೆ, ಎಲ್ಲಾರೂ ನಂಬಿದ್ರಿ. ನಿಮಗ ಮೂರು ಸಲ ಬ್ಯಾಡ ಅಂದೆ. ಯಾಕ ಅಂತ ನೀವು ಒಮ್ಮೆರೆ ಕೇಳಲಿಲ್ಲ. ಕೇಳಿದ್ರ ನಾ ಖರೇ ಹೇಳ್ತಿದ್ನೋ ಇಲ್ಲೋ, ಅದೂ ನನಗ ಗೊತ್ತಿಲ್ಲ. ಆ ವರ್ಷ ಹೇಳಿದ್ರ ಇವು ಬದುಕಿರ್ತಿದ್ವು."

ಅಂಗೈಯಾಗಿನ ನಾಕು ರಾಣಿಗೋಳನ್ನ ಆಕಿ ನೆಲದ ಮ್ಯಾಲೆ ಸಾಲಾಗಿ ಇಟ್ಲು. ಆಗ ಅತ್ಲು. ಮಾರಿಗೆ ಸೆರಗು ಹಚ್ಚಿಕೊಂಡು ಅತ್ಲು. ಪ್ರಭುಲಿಂಗಪ್ಪನೂ ಅತ್ತ, ಹೊಲದಾಗ ಮಂದಿ ಅದಾರ ಅನ್ನೂದು ಅವನ ಖಬರಿಗೆ ಇದ್ದಿಲ್ಲ.

ಸ್ವಲ್ಪ ಹೊತ್ತಿನ ಮ್ಯಾಲೆ ಗುಲಾಬಬಿ ಮೂಗು ಒರಸಿಕೊಂಡು ಎದ್ದು ನಿಂತ್ಲು. ಸೌತಿ ಹೊಲದ ಕಡೆ ಕೈ ಎತ್ತಿ ಕರದ್ಲು. "ಶಂಭುಲಿಂಗಾ, ಬಾರಪಾ ಇಲ್ಲೆ. ದಾರ್ಯಾಗಿನವರನ್ನೂ ಕರಕೊಂಡು ಬಾ, ಎಲ್ಲಾರೂ ಕೇಳಲಿ."

ಪ್ರಭುಲಿಂಗಪ್ಪನ ಕಡೆ ಹೊಳ್ಳಿ ಅಂದ್ಲು: "ಮೊದಲು ನಾ ಹೇಳ್ತೇನಿ. ಆಮ್ಯಾಲೆ ನೀವು ಹೇಳ್ರಿ."

ಶಂಭುಲಿಂಗ ಪಂಪ್ ಬಂದ್ ಮಾಡಿ, ಬಳ್ಳಿ ತುಳೀದಂಗ ನೋಡಿ ನೋಡಿ ಕಾಲಿಡಕೋತ ಬಂದ. ಅವನ ಹಿಂದ ದಾರ್ಯಾಗ ನಿಂತಿದ್ದ ಆರೇಳು ಮಂದಿ ಬಂದ್ರು.